ಯಂತ್ರದ ಬಳಿಗೆ ರೋಗಿಯೋ, ರೋಗಿಯ ಬಳಿಗೆ ಚಿಕಿತ್ಸೆಯೋ?

ವಾರಕ್ಕೆ ಮೂರು ಬಾರಿಯಂತೆ ವರ್ಷಕ್ಕೆ 156 ಬಾರಿ. ಎರಡು ಮೂತ್ರಪಿಂಡಗಳೂ ಕೆಲಸವನ್ನು ನಿಲ್ಲಿಸಿದ ರೋಗಿಯು ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಬೇಕಾದ ಸರದಿಗಳ ಸಂಖ್ಯೆ ಇದು. ವೈದ್ಯಗ್ರಂಥಗಳಲ್ಲಿ ಈ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಆ ರೋಗಿಯ ಮನೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲೋ ಅದರ ಸುತ್ತಣ ಹಳ್ಳಿಗಳಲ್ಲೋ ಇದ್ದರೆ ಲೆಕ್ಕ ಇನ್ನೂ ಮುಂದುವರಿಯಬೇಕಾಗುತ್ತದೆ. 156 ಸರದಿಗಳೆಂದರೆ ಹೋಗಿಬರುವ 312 ಪ್ರಯಾಣಗಳು. ಜೊತೆಗೊಬ್ಬರು ಇರಲೇಬೇಕಾದುದರಿಂದ 624 ಬಸ್ ಟಿಕೆಟ್ಟುಗಳು. 2023ರ ಜೂನ್ ತಿಂಗಳಲ್ಲಿ ಪ್ರಾರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ಟಿನ ಹಣ ಉಳಿಯುವುದು ನಿಜ. ಆದರೆ ಕಳೆದ ದಿನಗಳನ್ನು ಯಾವ ಯೋಜನೆಯೂ ಮರಳಿ ಕೊಡಲಾರದು. ರೋಗಿಯದು ಮತ್ತು ಜೊತೆಗಾರರದು ಸೇರಿ ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ದಿನಗಳ ದುಡಿಮೆ ಹೀಗೆ ಹೋಗುತ್ತದೆ. ಗದ್ದೆಯಲ್ಲಿ ನಾಟಿಯ ಕಾಲವಿರಲಿ, ಕಬ್ಬು ಕಡಿಯುವ ಕಾಲವಿರಲಿ, ಸೋಮವಾರ ಬಂದರೆ ಬಸ್ಸು ಹತ್ತಲೇಬೇಕು.

ಮೂತ್ರಪಿಂಡಗಳ ವೈಫಲ್ಯಕ್ಕೆ ಇರುವ ಚಿಕಿತ್ಸೆ ಒಂದೇ ಅಲ್ಲ, ಹಲವು. ಆದರೂ ನಮ್ಮ ಗ್ರಾಮಾಂತರದಲ್ಲಿ ‘ಡಯಾಲಿಸಿಸ್’ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ಆಸ್ಪತ್ರೆಯ ಯಂತ್ರ ಮಾತ್ರ. ಯಾವ ರೋಗಿಗೆ ಯಾವ ವಿಧಾನ ಒಗ್ಗುವುದೆಂಬ ಲೆಕ್ಕವನ್ನು ಆಸ್ಪತ್ರೆಯ ಬಾಗಿಲಿನಿಂದಲ್ಲ, ರೋಗಿಯ ಮನೆಯ ಹೊಸ್ತಿಲಿನಿಂದ ಪ್ರಾರಂಭಿಸಬೇಕೆಂಬುದು ನಮ್ಮ ಅಭಿಮತ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ವೈದ್ಯರ ಕೆಲಸದಲ್ಲಿ ತಲೆಹಾಕುವ ಅಧಿಕಾರವೇನೆಂದು ಕೆಲವರು ಕೇಳಬಹುದು. ಡಯಾಲಿಸಿಸ್ ಎಂಬುದು ಮೂಲದಲ್ಲಿ ಭೌತಶಾಸ್ತ್ರದ್ದೇ ಒಂದು ಅಧ್ಯಾಯ. ಅದರ ಗಣಿತವು ನಮ್ಮ ಎರಡನೆಯ ಪಿ.ಯು.ಸಿ. ವಿದ್ಯಾರ್ಥಿಗಳ ಗಣಿತವನ್ನು ಮೀರಿದುದಲ್ಲ. ಆ ಗಣಿತವೇ ನಮ್ಮನ್ನು ಈ ಅಭಿಪ್ರಾಯಕ್ಕೆ ತಂದಿದೆಯಾದುದರಿಂದ ಅದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಮೂತ್ರಪಿಂಡದ ಕೆಲಸದ ಪ್ರಮಾಣವನ್ನು ತಿಳಿಯೋಣ. ಮುಷ್ಟಿಗಾತ್ರದ ಈ ಎರಡು ಅಂಗಗಳು ಸೇರಿ ನಿಮಿಷಕ್ಕೆ ಸುಮಾರು 120 ಮಿಲಿಲೀಟರಿನಷ್ಟು ದ್ರವವನ್ನು ರಕ್ತದಿಂದ ಸೋಸುತ್ತವೆ. ದಿನಕ್ಕೆ ಇದು 170 ಲೀಟರುಗಳನ್ನು ಮೀರುತ್ತದೆ. ಅದರಲ್ಲಿ ಬೇಕಾದುದೆಲ್ಲವನ್ನೂ ಮತ್ತೆ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಕ್ಕೆ ಕಳುಹಿಸುತ್ತವೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರೇರಣೆ ಕೊಡುವ ಹಾರ್ಮೋನನ್ನು ತಯಾರಿಸುವುದು ಮುಂತಾದ ಕೆಲಸಗಳು ಬೇರೆ. ವಾರವೊಂದಕ್ಕೆ 1200 ಲೀಟರು! ಮನುಷ್ಯನು ಕಟ್ಟಿದ ಯಾವ ಸಾಧನವೂ ಈ ಪ್ರಮಾಣದ ಹತ್ತಿರಕ್ಕೆ ಬಂದಿಲ್ಲ. ಡಯಾಲಿಸಿಸ್ ಇದರಲ್ಲಿ ಎಂಟನೆಯ ಒಂದು ಭಾಗವನ್ನೋ ಹದಿನೆಂಟನೆಯ ಒಂದು ಭಾಗವನ್ನೋ ಮಾಡುತ್ತದೆ. ಅಷ್ಟರಿಂದಲೇ ಮನುಷ್ಯನು ವರ್ಷಗಟ್ಟಲೆ ಬದುಕಬಲ್ಲನೆಂಬುದು ದೇಹದ ಸಹನಶಕ್ತಿಗೆ ಸಾಕ್ಷಿ.

‘ಡಯಾಲಿಸಿಸ್’ ಎಂಬ ಹೆಸರನ್ನು ಕೊಟ್ಟವನು ವೈದ್ಯನಲ್ಲ, ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ. ಅನಿಲಗಳ ವಿಸರಣೆಯ ನಿಯಮವನ್ನು ಓದುವಾಗ ವಿದ್ಯಾರ್ಥಿಗಳು ಕೇಳಿರುವ ಗ್ರಹಾಂ ಇವನೇ. 1861ರಲ್ಲಿ ಇವನು ಒಂದು ಬಗೆಯ ಚರ್ಮಕಾಗದವನ್ನು ಪೊರೆಯಾಗಿ ಬಳಸಿ, ಸಕ್ಕರೆ, ಉಪ್ಪು, ಯೂರಿಯಗಳಂಥ ಚಿಕ್ಕ ಅಣುಗಳು ಅದನ್ನು ದಾಟಿ ಹೋಗುವುದನ್ನೂ, ಗೋಂದಿನಂಥ ದೊಡ್ಡ ಅಣುಗಳು ಹಿಂದೆಯೇ ಉಳಿಯುವುದನ್ನೂ ತೋರಿಸಿದನು. ಇದನ್ನು ಜರಡಿಯ ಕೆಲಸವೆಂದು ಮಾತ್ರ ತಿಳಿಯಬಾರದು. ಜರಡಿ ಹಿಡಿದಾಗ ನಾವು ಅಲ್ಲಾಡಿಸಬೇಕು. ಇಲ್ಲಿ ಅಲ್ಲಾಡಿಸುವವರು ಯಾರೂ ಇಲ್ಲ. ಸಾರ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅಣುಗಳು ತಮ್ಮಷ್ಟಕ್ಕೆ ತಾವೇ ಸಾಗುತ್ತವೆ. ಎರಡು ಕಡೆಯ ಸಾರಗಳ ಅಂತರ ಎಷ್ಟು ಹೆಚ್ಚೋ ಅವುಗಳ ಸಾಗಾಟವೂ ಅಷ್ಟೇ ಹೆಚ್ಚು. ಅಂತರ ಇಲ್ಲವಾದಾಗ ಸಾಗಾಟವೂ ನಿಲ್ಲುತ್ತದೆ. 1855ರಲ್ಲಿ ಅಡಾಲ್ಫ್ ಫಿಕ್ ಕಂಡುಕೊಂಡ ಈ ನಿಯಮವನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಗ್ರಹಾಂನ ಪೊರೆಯಿಂದ ಮನುಷ್ಯನ ಪ್ರಾಣವನ್ನು ಉಳಿಸುವುದಕ್ಕೆ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ ವಿಲ್ಲೆಮ್ ಕೊಲ್ಫ್ ಎಂಬ ಯುವವೈದ್ಯನು, ಮಾಂಸದ ಸಾಸೇಜುಗಳನ್ನು ತುಂಬಲು ಬಳಸುವ ಸೆಲೊಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ, ಆ ಉರುಳೆಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸುತ್ತ ರೋಗಿಯ ರಕ್ತವನ್ನು ಕೊಳವೆಯೊಳಗೆ ಹರಿಸಿದನು. 1943ರಲ್ಲಿ ಕೆಲಸ ಪ್ರಾರಂಭವಾಯಿತು. ಒಬ್ಬರಾದಮೇಲೊಬ್ಬರಂತೆ ರೋಗಿಗಳು ತೀರಿಕೊಂಡರು. 1945ರಲ್ಲಿ, ಪ್ರಜ್ಞೆ ತಪ್ಪಿದ್ದ 67 ವರ್ಷದ ಮಹಿಳೆಯೊಬ್ಬಳು ಈ ಯಂತ್ರದ ನೆರವಿನಿಂದ ಎಚ್ಚೆತ್ತು ಬದುಕಿದಳು. ಆದರೆ ಇದು ತಾತ್ಕಾಲಿಕವಾಗಿ ಕೆಟ್ಟ ಮೂತ್ರಪಿಂಡಗಳಿಗೆ ಆಸರೆ ಮಾತ್ರವಾಗಿತ್ತು; ಪ್ರತಿ ಬಾರಿಯೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ವರ್ಷಾನುವರ್ಷ ನಡೆಸುವುದು ಅಸಾಧ್ಯವಾಗಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ಕೈಯಲ್ಲಿಯೇ ಉಳಿಯುವ ಟೆಫ್ಲಾನ್ ಕೊಳವೆಯನ್ನು ರಚಿಸಿದ ಮೇಲೆ ಆ ತೊಡಕು ಬಗೆಹರಿಯಿತು. ಇಂದು ಮುಂಗೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಒಳಗೇ ಜೋಡಿಸಿ ‘ಫಿಸ್ಟುಲಾ’ ಮಾಡುವ ಪದ್ಧತಿಯಿದೆ, ಅದು 1966ರದು.

ಒಂದು ತೊಡಕು ಬಗೆಹರಿದೊಡನೆ ಇನ್ನೊಂದು ಹುಟ್ಟಿತು. ಯಂತ್ರಗಳು ಕೆಲವೇ, ರೋಗಿಗಳು ನೂರಾರು. ಯಾರನ್ನು ಬದುಕಿಸಬೇಕು? ಸಿಯಾಟಲ್ಲಿನಲ್ಲಿ ಇದನ್ನು ತೀರ್ಮಾನಿಸಲು ನಾಗರಿಕರ ಸಮಿತಿಯೊಂದನ್ನು ನೇಮಿಸಿದರು. ಅದರಲ್ಲಿ ಪಾದ್ರಿಯೊಬ್ಬರಿದ್ದರು, ಗೃಹಿಣಿಯೊಬ್ಬರಿದ್ದರು, ಬ್ಯಾಂಕಿನವರೊಬ್ಬರಿದ್ದರು. ರೋಗಿಯ ವಯಸ್ಸು, ಉದ್ಯೋಗ, ಮಕ್ಕಳ ಸಂಖ್ಯೆ ಇವನ್ನೆಲ್ಲ ನೋಡಿ ಅವರು ಆರಿಸುತ್ತಿದ್ದರು. 1962ರಲ್ಲಿ ಪತ್ರಿಕೆಯೊಂದರಿಂದ ಸಂಗತಿ ಬೆಳಕಿಗೆ ಬಂದಾಗ ದೇಶವೇ ಬೆಚ್ಚಿಬಿದ್ದಿತು. ನಮ್ಮಲ್ಲಿ ಅಂಥ ಸಮಿತಿ ಯಾವುದೂ ಇಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳಬಹುದೆ? ಸಮಿತಿಯಿಲ್ಲ, ನಿಜ. ಆದರೆ ಊರಿಗೂ ಯಂತ್ರಕ್ಕೂ ನಡುವಣ ದೂರವೆಂಬುದು ಆ ಸಮಿತಿಯ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಮೊದಲು ವಾರಕ್ಕೆ ಮೂರು ಸಲ ಹೋಗುತ್ತಿದ್ದವರು ಎರಡು ಸಲ ಹೋಗುತ್ತಾರೆ. ಮಳೆಗಾಲದಲ್ಲಿ ಒಂದು ಸಲ ತಪ್ಪುತ್ತದೆ. ಹಬ್ಬದಲ್ಲಿ, ಸುಗ್ಗಿಯಲ್ಲಿ, ಜೊತೆಗಾರರಿಗೆ ಜ್ವರ ಬಂದಾಗ ಇನ್ನೊಂದು ಸಲ ತಪ್ಪುತ್ತದೆ. ಅಂಥ ರೋಗಿ ತೀರಿಕೊಂಡಾಗ ‘ಡಯಾಲಿಸಿಸ್ ಮಾಡಿಸಿದರೂ ಉಳಿಯಲಿಲ್ಲ’ ಎನ್ನುತ್ತೇವೆ.

ಒಂದು ಸರದಿ ತಪ್ಪಿದರೆ ಅಷ್ಟು ಪ್ರಮಾದವೇಕೆ? ಇಲ್ಲಿ ಫಿಕ್‌ನ ನಿಯಮ ಮಾತನಾಡುತ್ತದೆ. ಇಂದಿನ ಯಂತ್ರದಲ್ಲಿ ಕೂದಲಿನಷ್ಟು ತೆಳುವಾದ ಸುಮಾರು ಹತ್ತು ಸಾವಿರ ಪೊಳ್ಳು ಎಳೆಗಳಿರುವ ಒಂದು ಕೊಳವೆಯಿದೆ. ಎಳೆಗಳ ಒಳಗೆ ರಕ್ತ, ಹೊರಗೆ ಶುದ್ಧೀಕರಿಸಿದ ಲವಣದ್ರಾವಣ. ದೇಹದಲ್ಲಿ 40 ಲೀಟರು ನೀರಿದೆಯೆಂದೂ, ಯಂತ್ರವು ನಿಮಿಷಕ್ಕೆ 200 ಮಿಲಿಲೀಟರನ್ನು ಯೂರಿಯದಿಂದ ಮುಕ್ತಗೊಳಿಸುವುದೆಂದೂ ಭಾವಿಸೋಣ. ನಾಲ್ಕು ಗಂಟೆಗಳಲ್ಲಿ 48 ಲೀಟರಾಯಿತು. ದೇಹದ ನೀರಿಗಿಂತಲೂ ಹೆಚ್ಚು. ಹಾಗಾದರೆ ಯೂರಿಯವೆಲ್ಲ ಹೋಗಿಬಿಟ್ಟಿತೆ? ಇಲ್ಲ. ಲೋಟದಲ್ಲಿಟ್ಟ ಕಾಫಿ ಮೊದಲು ಬೇಗ ಆರಿ, ಬರಬರುತ್ತ ನಿಧಾನವಾಗಿ ಆರುವಂತೆ, ರಕ್ತದ ಯೂರಿಯವೂ ಮೊದಲು ಭರದಿಂದ ಇಳಿದು ಅನಂತರ ನಿಧಾನವಾಗುತ್ತದೆ. ಲೆಕ್ಕ ಹಾಕಿದರೆ ಮೊದಲ ಎರಡು ಗಂಟೆಗಳಲ್ಲಿ ನೂರಕ್ಕೆ 45 ಭಾಗ ಹೋಗುತ್ತದೆ. ಮುಂದಿನ ಎರಡು ಗಂಟೆಗಳಲ್ಲಿ 25 ಭಾಗ ಮಾತ್ರ. 30 ಭಾಗ ಉಳಿದೇಬಿಡುತ್ತದೆ. ಸರದಿ ಮುಗಿದ ಕ್ಷಣದಿಂದ ಅದು ಮತ್ತೆ ಏರತೊಡಗುತ್ತದೆ. ರೋಗಿಯ ರಕ್ತದ ಸ್ಥಿತಿಯನ್ನು ನಕ್ಷೆಯಲ್ಲಿ ಬರೆದರೆ ಗರಗಸದ ಹಲ್ಲುಗಳಂತೆ ಕಾಣುತ್ತದೆ. ಆರೋಗ್ಯವಂತನ ನಕ್ಷೆ ಬಹುಮಟ್ಟಿಗೆ ನೇರವಾದ ಗೆರೆ.

ಗರಗಸದ ಹಲ್ಲು ಎತ್ತರವಾದಷ್ಟೂ ಅಪಾಯ ಹೆಚ್ಚು. ವಾರಕ್ಕೆ ಮೂರು ಸರದಿಗಳೆಂದರೆ ಒಂದು ಕಡೆ ಎರಡು ದಿನಗಳ ಬಿಡುವು ಬಂದೇಬರುತ್ತದೆ. ಆ ದೊಡ್ಡ ಬಿಡುವಿನ ಮರುದಿನ ಹೃದಯದ ತೊಂದರೆಗಳೂ ಸಾವುಗಳೂ ಉಳಿದ ದಿನಗಳಿಗಿಂತ ಹೆಚ್ಚೆಂಬುದನ್ನು ಅಮೆರಿಕದಲ್ಲಿ ಸಾವಿರಾರು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ನಿಯಮದಂತೆ ನಡೆದ ಚಿಕಿತ್ಸೆಯಲ್ಲಿಯೇ ಹೀಗಿದ್ದರೆ, ಬಸ್ಸು ತಪ್ಪಿ ಬಿಡುವು ನಾಲ್ಕೈದು ದಿನಗಳಾದರೆ ಏನಾದೀತೆಂಬುದನ್ನು ಊಹಿಸಬಹುದು. ಬಿಡುವಿನ ದಿನಗಳಲ್ಲಿ ಕುಡಿದ ನೀರೆಲ್ಲ ದೇಹದಲ್ಲಿಯೇ ನಿಲ್ಲುತ್ತದೆ; ಪೊಟ್ಯಾಸಿಯಂ ರಕ್ತದಲ್ಲಿಯೇ ಸೇರುತ್ತದೆ. ಮಂಡ್ಯ ಜಿಲ್ಲೆಯವರಿಗೆ ಇದರಲ್ಲೊಂದು ವಿಶೇಷವುಂಟು. ಮದ್ದೂರಿನ ಮಾರುಕಟ್ಟೆಯಿಂದ ದೇಶದ ನಾನಾ ಭಾಗಗಳಿಗೆ ಎಳನೀರು ಹೋಗುತ್ತದೆ. ಸುಸ್ತೆಂದವರಿಗೆಲ್ಲ ನಾವು ಮೊದಲು ಕೊಡುವುದು ಎಳನೀರನ್ನೇ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡ ಕೆಟ್ಟವನಿಗೆ, ಅದರಲ್ಲಿಯೂ ಸರದಿ ತಪ್ಪಿದವನಿಗೆ, ಪ್ರೀತಿಯಿಂದ ಕೊಟ್ಟ ಆ ಒಂದು ಬುರುಡೆ ಎಳನೀರು ಹೃದಯವನ್ನೇ ನಿಲ್ಲಿಸಬಹುದು.

ಹಾಗಾದರೆ ಗರಗಸವನ್ನು ಗೆರೆಯಾಗಿಸುವ ಉಪಾಯವಿದೆಯೆ? ಈ ಪ್ರಶ್ನೆಗೆ 1970ರ ದಶಕದ ಮಧ್ಯದಲ್ಲಿ ಉತ್ತರವನ್ನು ಕೊಟ್ಟವರಲ್ಲಿ ಒಬ್ಬನು ಎಂಜಿನಿಯರನೆಂಬುದು ನಮಗೆ ವಿಶೇಷ ಸಂತೋಷದ ಸಂಗತಿ. ಹೊಟ್ಟೆಯೊಳಗಿನ ಅಂಗಗಳನ್ನು ಹೊದ್ದಿರುವ ತೆಳುವಾದ ಪೊರೆಯೊಂದಿದೆ. ಅದರ ಹರವು ನಮ್ಮ ಮೈಚರ್ಮದ ಹರವಿಗೆ ಹತ್ತಿರ. ಅದರ ತುಂಬ ಸೂಕ್ಷ್ಮ ರಕ್ತನಾಳಗಳು. ಗ್ರಹಾಂ ಕಾಗದದಿಂದ ಮಾಡಿದ ಪೊರೆಯನ್ನು ಪ್ರಕೃತಿ ನಮ್ಮೊಳಗೆ ಮೊದಲೇ ಇಟ್ಟಿದೆಯೆನ್ನಬಹುದು. ಹೊಟ್ಟೆಯೊಳಗೆ ದ್ರಾವಣವನ್ನು ತುಂಬಿ ಹೊರತೆಗೆಯುವ ಪ್ರಯೋಗಗಳು 1920ರ ದಶಕದಿಂದಲೂ ನಡೆದಿದ್ದವು. 1968ರಲ್ಲಿ ಹೆನ್ರಿ ಟೆಂಕಾಫ್ ಹೊಟ್ಟೆಯಲ್ಲಿ ಬಹುಕಾಲ ನಿಲ್ಲುವ ಮೃದುವಾದ ಕೊಳವೆಯನ್ನು ಸಿದ್ಧಪಡಿಸಿದ್ದನು. ಆದರೆ ಎಲ್ಲರೂ ಯಂತ್ರದಂತೆಯೇ ಬೇಗಬೇಗ ತುಂಬಿ ಬೇಗಬೇಗ ತೆಗೆಯುವುದರಲ್ಲಿ ತೊಡಗಿದ್ದರು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ರಾಬರ್ಟ್ ಪೊಪೊವಿಚ್ ಎಂಬ ಎಂಜಿನಿಯರನೂ ಜ್ಯಾಕ್ ಮಾಂಕ್ರೀಫ್ ಎಂಬ ವೈದ್ಯನೂ ಅವಸರವೇಕೆಂದು ಕೇಳಿದರು. ಎರಡು ಲೀಟರು ದ್ರಾವಣವನ್ನು ಹೊಟ್ಟೆಯೊಳಗೆ ಕೆಲವು ಗಂಟೆಗಳ ಕಾಲ ಸುಮ್ಮನೆ ಬಿಟ್ಟರೆ ರಕ್ತದ ಯೂರಿಯವೂ ದ್ರಾವಣದ ಯೂರಿಯವೂ ಬಹುಮಟ್ಟಿಗೆ ಸಮವಾಗುತ್ತವೆ. ದಿನಕ್ಕೆ ಐದು ಸಲ ಹೀಗೆ ಮಾಡಿದರೆ 10 ಲೀಟರು. ದೇಹದಲ್ಲಿ ದಿನಕ್ಕೆ 15 ಗ್ರಾಂ ಯೂರಿಯ ಉತ್ಪತ್ತಿಯಾಗುವುದೆಂದುಕೊಂಡರೆ, ಅಷ್ಟೂ ಆ 10 ಲೀಟರಿನಲ್ಲಿ ಹೊರಹೋಗಲು ರಕ್ತದ ಮಟ್ಟ ಲೀಟರಿಗೆ ಒಂದೂವರೆ ಗ್ರಾಂ ಇದ್ದರೆ ಸಾಕು. ಅದು ಆರೋಗ್ಯವಂತನ ಮಟ್ಟಕ್ಕಿಂತ ಹೆಚ್ಚೇ. ಆದರೆ ದೇಹ ತಾಳಿಕೊಳ್ಳಬಲ್ಲ ಮಟ್ಟ. ಮೇಲಾಗಿ ಅಲ್ಲಿಯೇ ಸ್ಥಿರವಾಗಿ ನಿಲ್ಲುವ ಮಟ್ಟ. ಒಂದು ಭಾಗಾಕಾರ ಮಾತ್ರ! 1976ರಲ್ಲಿ ಇವರು ಇದನ್ನು ವಿದ್ವತ್ಸಭೆಯೊಂದಕ್ಕೆ ಕಳುಹಿಸಿದಾಗ ಸಭೆಯವರು ಅಂಗೀಕರಿಸಲಿಲ್ಲ. ಇಂದು ಜಗತ್ತಿನಲ್ಲಿ ಲಕ್ಷಾಂತರ ಜನರು ಈ ವಿಧಾನದಿಂದ ಬದುಕಿದ್ದಾರೆ.

ಮನೆಯಲ್ಲಿ ಇದು ನಡೆಯುವ ಬಗೆ ಹೀಗೆ. ಸಾಮಾನ್ಯವಾಗಿ ದಿನಕ್ಕೆ ಮೂರು ಅಥವಾ ನಾಲ್ಕು ಸಲ, ಪ್ರತಿ ಸಲ ಅರ್ಧ ಗಂಟೆಯಷ್ಟು ಹೊತ್ತು, ರೋಗಿಯು ಕೈಗಳನ್ನು ಚೆನ್ನಾಗಿ ತೊಳೆದು, ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು, ಹೊಟ್ಟೆಯ ಕೊಳವೆಗೆ ಚೀಲವನ್ನು ಜೋಡಿಸುತ್ತಾನೆ. ಹಳೆಯ ದ್ರಾವಣ ತಗ್ಗಿನಲ್ಲಿಟ್ಟ ಖಾಲಿ ಚೀಲಕ್ಕೆ ಇಳಿಯುತ್ತದೆ. ಎತ್ತರದಲ್ಲಿ ತೂಗಿದ ಚೀಲದಿಂದ ಹೊಸ ದ್ರಾವಣ ಒಳಕ್ಕಿಳಿಯುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ, ಗುರುತ್ವಾಕರ್ಷಣೆಯೇ ಸಾಕು. ಹೆಚ್ಚಿನ ನೀರನ್ನು ದೇಹದಿಂದ ಸೆಳೆಯಲು ದ್ರಾವಣಕ್ಕೆ ಗ್ಲೂಕೋಸ್ ಸೇರಿಸಿರುತ್ತಾರೆ. ನೀರಿನಲ್ಲಿ ಹಾಕಿದ ಒಣದ್ರಾಕ್ಷಿ ಉಬ್ಬುವುದು ಯಾವ ಅಭಿಸರಣದಿಂದಲೋ ಇದೂ ಅದರಿಂದಲೇ. ಅನಂತರ ಕೊಳವೆಯನ್ನು ಮುಚ್ಚಿಕೊಂಡು ರೋಗಿ ಗದ್ದೆಗೆ ಹೋಗಬಹುದು, ಅಂಗಡಿಯಲ್ಲಿ ಕೂರಬಹುದು, ವಿದ್ಯಾರ್ಥಿಯಾದರೆ ತರಗತಿಗೆ ಬರಬಹುದು. ಇದನ್ನು ಯಂತ್ರದ ಅಗತ್ಯಗಳೊಡನೆ ಹೋಲಿಸಿ ನೋಡಿ. ಯಂತ್ರಕ್ಕೆ ಒಂದು ಸರದಿಗೆ ಸುಮಾರು 120 ಲೀಟರು ದ್ರಾವಣ ಬೇಕು. ಅದಕ್ಕೆ ಕೃಷ್ಣರಾಜಸಾಗರದ ಹಿನ್ನೀರು ತಾಲ್ಲೂಕಿನ ಅಂಚಿಗೇ ಇದ್ದರೆ ಸಾಲದು. ಹಲವು ಹಂತಗಳಲ್ಲಿ ಶುದ್ಧಿಮಾಡಿದ ನೀರೇ ಆಗಬೇಕು. ಎಡೆಬಿಡದ ವಿದ್ಯುತ್ತು ಬೇಕು. ತರಬೇತಾದ ತಂತ್ರಜ್ಞರು ಬೇಕು.

ಇನ್ನೊಂದು ಲೆಕ್ಕವಿದೆ. ಯಂತ್ರವು ವಾರಕ್ಕೆ 48ರಂತೆ ಮೂರು ಸಲ, ಅಂದರೆ 144 ಲೀಟರನ್ನು ಶುದ್ಧಿಮಾಡುತ್ತದೆ. ಹೊಟ್ಟೆಯ ಪೊರೆ ದಿನಕ್ಕೆ ನಾಲ್ಕು ಚೀಲಗಳ ಎಂಟು ಲೀಟರೂ ಸೆಳೆದ ಒಂದೂವರೆ ಲೀಟರೂ ಸೇರಿ, ವಾರಕ್ಕೆ 66 ಲೀಟರಿನಷ್ಟು ಮಾತ್ರ. ಅರ್ಧಕ್ಕಿಂತಲೂ ಕಡಿಮೆ! ಆದರೆ ಎರಡು ವಿಧಾನಗಳಲ್ಲಿಯೂ ರೋಗಿಗಳು ಬದುಕುವ ಕಾಲ ಸ್ಥೂಲವಾಗಿ ಒಂದೇ ಎಂಬುದನ್ನು ಹಲವು ದೇಶಗಳ ದಾಖಲೆಗಳು ತೋರಿಸಿವೆ. ಇದರಲ್ಲಿ ವಿರೋಧವಿಲ್ಲ. ಅಂತರ ಕುಗ್ಗಿದ ಮೇಲೂ ತಿರುಗುವ ಯಂತ್ರ ಕೊನೆಕೊನೆಗೆ ಮಾಡುವ ಕೆಲಸ ಕಡಿಮೆಯೆಂಬುದನ್ನು ಮೇಲೆ ಕಂಡೆವು. ಹಗಲೂ ರಾತ್ರಿಯೂ ನಿಧಾನವಾಗಿ ನಡೆಯುವ ಕೆಲಸದಲ್ಲಿ ಪ್ರತಿಯೊಂದು ಲೀಟರೂ ಪೂರ್ಣವಾಗಿ ದುಡಿಯುತ್ತದೆ. ಅಲ್ಲದೆ ರೋಗಿಯ ಸ್ವಂತ ಮೂತ್ರಪಿಂಡಗಳಲ್ಲಿ ಅಳಿದುಳಿದ ಶಕ್ತಿ ಹೊಟ್ಟೆಯ ಡಯಾಲಿಸಿಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಕೊಳವೆಯ ಮೂಲಕ ಸೋಂಕು ತಗುಲಿದರೆ ಹೊಟ್ಟೆಯ ಪೊರೆ ಊದಿಕೊಂಡು ತೀವ್ರವಾದ ನೋವೂ ಪ್ರಾಣಾಪಾಯವೂ ಉಂಟಾಗಬಹುದು. ಗ್ಲೂಕೋಸ್ ದೇಹಕ್ಕೆ ಸೇರುವುದರಿಂದ ಸಕ್ಕರೆ ಕಾಯಿಲೆಯವರು ಎಚ್ಚರದಿಂದಿರಬೇಕು. ದ್ರಾವಣದೊಡನೆ ಪ್ರೋಟೀನೂ ಹೊರಹೋಗುವುದರಿಂದ ಊಟದಲ್ಲಿ ಅದನ್ನು ತುಂಬಿಕೊಡಬೇಕು. ಹಿಂದೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳಾದವರಲ್ಲಿ ಕೆಲವರಿಗೆ ಇದು ಆಗದು. ಕೆಲವು ವರ್ಷಗಳ ಮೇಲೆ ಪೊರೆ ದಣಿಯುತ್ತದೆ. ಆಗ ಯಂತ್ರಕ್ಕೆ ಬದಲಾಗಬೇಕಾಗುತ್ತದೆ. ತಿಂಗಳಿಗೆ 240 ಲೀಟರು ದ್ರಾವಣವೆಂದರೆ 240 ಕಿಲೋಗ್ರಾಂ ತೂಕದ ಪೆಟ್ಟಿಗೆಗಳು. ಅವನ್ನಿಡಲು ಒಣಗಿದ, ತಂಪಾದ ಜಾಗ ಬೇಕು. ಬಳಸಿದ ಪ್ಲಾಸ್ಟಿಕ್ ಚೀಲಗಳ ರಾಶಿ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಚಿಕಿತ್ಸೆಗೆ ರಜೆಯೇ ಇಲ್ಲ, ಬೇಸರ ಬಂದೇಬರುತ್ತದೆ. ಯಂತ್ರದ ಪಕ್ಷದಲ್ಲಿ ದಾದಿಯರ ಕಣ್ಗಾಪು ಇದೆ, ಅಕ್ಕಪಕ್ಕದ ಹಾಸಿಗೆಗಳವರ ಗೆಳೆತನವಿದೆ, ವಾರದಲ್ಲಿ ನಾಲ್ಕು ದಿನಗಳ ಬಿಡುವಿದೆ. ಮನೆಯಲ್ಲಿ ಯಾರೂ ಇಲ್ಲದ ಮುದುಕನೊಬ್ಬನಿಗೆ, ಆಸ್ಪತ್ರೆ ಹತ್ತಿರವಿದ್ದರೆ, ಯಂತ್ರವೇ ಒಳ್ಳೆಯದೆಂದು ನಾವೂ ಹೇಳುತ್ತೇವೆ.

ಆದರೆ ‘ಹಳ್ಳಿಯ ಜನರಿಗೆ ಶುಚಿ ತಿಳಿಯದು, ಅವರಿಗೆ ಈ ವಿಧಾನ ಸಲ್ಲದು’ ಎಂಬ ಮಾತನ್ನು ನಾವು ಒಪ್ಪಲಾರೆವು. ಅಳಿದವರ ಎಡೆಗೂ ದೇವರ ನೈವೇದ್ಯಕ್ಕೂ ಮಡಿಯಿಂದ ಅಡುಗೆ ಮಾಡಬಲ್ಲ ಗೃಹಿಣಿ, ಕಾರಣವನ್ನು ತಿಳಿಸಿಕೊಟ್ಟರೆ, ಕೊಳವೆಯ ಬಾಯಿಯನ್ನು ಮುಟ್ಟದೆ ಚೀಲ ಬದಲಿಸುವುದನ್ನು ಕಲಿಯಲಾರಳೆ? ಚೀಲಗಳ ರಚನೆಯೂ ಸುಧಾರಿಸಿದೆ. ಜೋಡಿಸಿದೊಡನೆ ಮೊದಲು ಸ್ವಲ್ಪ ದ್ರಾವಣವನ್ನು ಹೊರಕ್ಕೆ ಹರಿಸಿ, ಅನಂತರ ಹೊಟ್ಟೆಗೆ ತುಂಬುವ ಕವಲುಗೊಳವೆ ಬಂದಮೇಲೆ ಸೋಂಕು ಬಹಳ ಇಳಿದಿದೆ. ಒಬ್ಬ ರೋಗಿಗೆ ಎರಡೂವರೆ ವರ್ಷಕ್ಕೊಮ್ಮೆಗಿಂತ ಹೆಚ್ಚು ಸೋಂಕು ತಗುಲಬಾರದೆಂಬ ಮಿತಿಯನ್ನು 2022ರಲ್ಲಿ ಅಂತರರಾಷ್ಟ್ರೀಯ ತಜ್ಞಮಂಡಲಿ ಹಾಕಿದೆ. ಸಾಧಿಸಲಾಗದ ಮಿತಿಯಾಗಿದ್ದರೆ ಹಾಕುತ್ತಿರಲಿಲ್ಲ. ಅದಕ್ಕೆ ಬೇಕಾದುದು ಮೊದಲ ವಾರಗಳ ಒಳ್ಳೆಯ ತರಬೇತಿ ಮತ್ತು ಆಮೇಲೆ ಮನೆಗೆ ಬಂದು ನೋಡುವ ದಾದಿ.

ನಮ್ಮ ಸರಕಾರಗಳು ಕೈಕಟ್ಟಿ ಕುಳಿತಿವೆಯೆಂದರೆ ತಪ್ಪಾಗುತ್ತದೆ. 2016ರ ಕೇಂದ್ರ ಮುಂಗಡಪತ್ರದ ಭಾಷಣದಲ್ಲಿ, ದೇಶದಲ್ಲಿ ಪ್ರತಿವರ್ಷ ಸುಮಾರು 2.2 ಲಕ್ಷ ಹೊಸ ರೋಗಿಗಳು ಸೇರುತ್ತಾರೆಂದೂ, ಅವರಿಗೆ 3.4 ಕೋಟಿ ಡಯಾಲಿಸಿಸ್ ಸರದಿಗಳು ಬೇಕೆಂದೂ, ಇದ್ದ ಕೇಂದ್ರಗಳಿಂದ ಅರ್ಧದಷ್ಟು ಬೇಡಿಕೆ ಮಾತ್ರ ಪೂರೈಸುತ್ತಿದೆಯೆಂದೂ ಹೇಳಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಘೋಷಿಸಿದರು. ದೂರದ ಪ್ರಯಾಣದ ವೆಚ್ಚವನ್ನೂ ಕೂಲಿಯ ನಷ್ಟವನ್ನೂ ಆ ಭಾಷಣದಲ್ಲಿಯೇ ಪ್ರಸ್ತಾಪಿಸಿದ್ದರೆಂಬುದನ್ನು ಗಮನಿಸಬೇಕು. ಕರ್ನಾಟಕವು ತಾಲ್ಲೂಕು ಆಸ್ಪತ್ರೆಗಳವರೆಗೂ ಯಂತ್ರಗಳನ್ನು ಕೊಂಡೊಯ್ದಿದೆ. ಬಡವರ ಪಾಲಿಗೆ ಇದು ದೊಡ್ಡ ಉಪಕಾರ. 2019ರಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ಹೊಟ್ಟೆಯ ಡಯಾಲಿಸಿಸ್ಸಿಗೂ ಮಾರ್ಗಸೂಚಿಗಳನ್ನು ಹೊರಡಿಸಿತು. ಆದರೂ ಭಾರತದಲ್ಲಿ ಡಯಾಲಿಸಿಸ್ ಪಡೆಯುವವರಲ್ಲಿ ಬಹುತೇಕ ಎಲ್ಲರೂ ಯಂತ್ರವನ್ನೇ ಅವಲಂಬಿಸಿದ್ದಾರೆ. ಕಾರಣಗಳು ಹಲವಿರಬಹುದು. ಕೊಂಡ ಯಂತ್ರ ಖಾಲಿ ನಿಲ್ಲಬಾರದು, ಚೀಲಗಳ ಬೆಲೆ ಹೆಚ್ಚು, ಕಲಿಸುವವರು ಕಡಿಮೆ. ಇನ್ನೊಂದು ಕಾರಣವನ್ನು ನಾವು ಸೇರಿಸುತ್ತೇವೆ: ಯಂತ್ರಕ್ಕೆ ಉದ್ಘಾಟನೆಯುಂಟು, ಟೇಪು ಕತ್ತರಿಸುವುದುಂಟು, ಮರುದಿನದ ಪತ್ರಿಕೆಯಲ್ಲಿ ಚಿತ್ರವುಂಟು. ಮನೆಯ ಗೋಡೆಗೆ ತೂಗಿದ ಚೀಲವನ್ನು ಯಾವ ಮಂತ್ರಿ ಉದ್ಘಾಟಿಸಿಯಾನು?

ಬೇರೆ ಕಡೆ ಹೀಗಿಲ್ಲ. ಹಾಂಗ್‌ಕಾಂಗಿನಲ್ಲಿ 1985ರಿಂದ ಸರಕಾರಿ ಆಸ್ಪತ್ರೆಗಳು ಮೊದಲ ಚಿಕಿತ್ಸೆಯಾಗಿ ಹೊಟ್ಟೆಯ ಡಯಾಲಿಸಿಸ್ಸನ್ನೇ ಕೊಡುತ್ತ ಬಂದಿವೆ. ಥೈಲೆಂಡ್ 2008ರಲ್ಲಿ ಅದೇ ನೀತಿಯನ್ನು ಹಳ್ಳಿಗಾಡಿನ ಬಡವರಿಗಾಗಿ ಕೈಗೊಂಡಿತು. ನಮ್ಮಂತೆಯೇ ಬತ್ತ ಬೆಳೆಯುವ, ಸೆಕೆಯ ದೇಶವದು. 2022ರಲ್ಲಿ ಆಯ್ಕೆಯನ್ನು ಮುಕ್ತಗೊಳಿಸಿದಾಗ ಹೊಸ ರೋಗಿಗಳಲ್ಲಿ ಬಹುಮಂದಿ ಯಂತ್ರದ ಕಡೆಗೆ ಹೋದರು, ವೆಚ್ಚವೂ ಏರಿತು. ಅಲ್ಲಿಯ ವಾದವಿವಾದಗಳೇನೇ ಇರಲಿ, ಹಳ್ಳಿಯ ಮನೆಯಲ್ಲಿ ಇದು ಸಾಧ್ಯವೆಂಬುದನ್ನು ಅವರು ತೋರಿಸಿಕೊಟ್ಟರು. ಸರಕಾರವು ಯಾವುದೇ ಒಂದನ್ನು ಕಡ್ಡಾಯ ಮಾಡಬೇಕೆಂದು ನಾವು ಹೇಳುವುದಿಲ್ಲ. ಹಾಲೆಂಡಿನಲ್ಲಿ ಎರಡು ವಿಧಾನಗಳನ್ನು ಚೀಟಿ ಎತ್ತಿದಂತೆ ಹಂಚಿ ಹೋಲಿಸಬೇಕೆಂದು ಹೊರಟ ಸಂಶೋಧಕರ ಅನುಭವ ಸ್ವಾರಸ್ಯಕರವಾಗಿದೆ. ಅರ್ಹರಾದ 773 ರೋಗಿಗಳಿಗೆ ಎರಡನ್ನೂ ವಿವರಿಸಿದಾಗ ಚೀಟಿಗೆ ಒಪ್ಪಿದವರು 38 ಜನ ಮಾತ್ರ. ಉಳಿದ 735 ಜನರಿಗೆ ತಮಗೆ ಬೇಕಾದುದು ಯಾವುದೆಂಬುದು ಸ್ಪಷ್ಟವಾಗಿತ್ತು. 2003ರಲ್ಲಿ ಪ್ರಕಟವಾದ ಈ ಪ್ರಯೋಗ ತನ್ನ ಉದ್ದೇಶದಲ್ಲಿ ಸೋತಿತು. ಆದರೆ ತಿಳಿಸಿ ಹೇಳಿದರೆ ಜನರು ತಮ್ಮ ಬದುಕಿಗೆ ಒಪ್ಪುವುದನ್ನು ತಾವೇ ಆರಿಸಿಕೊಳ್ಳಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಕಸಿಯ ವಿಚಾರವನ್ನು ಬಿಟ್ಟರೆ ಮಾತು ಅರ್ಧವಾದೀತು. ದೇಹಸ್ಥಿತಿ ಅನುಕೂಲವಾಗಿರುವವರಿಗೆ ಮೂತ್ರಪಿಂಡದ ಕಸಿಯೇ ಎಲ್ಲಕ್ಕಿಂತ ಉತ್ತಮವಾದ ಚಿಕಿತ್ಸೆ. 1954ರಲ್ಲಿ ಬಾಸ್ಟನ್ನಿನಲ್ಲಿ ಅವಳಿಸೋದರರ ನಡುವೆ ಮೊದಲು ಯಶಸ್ವಿಯಾದ ಈ ಶಸ್ತ್ರಕ್ರಿಯೆ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. ಅಂಗಗಳ ಮಾರಾಟವನ್ನು ತಡೆಯುವ ಕಾಯಿದೆ 1994ರಲ್ಲಿ ಬಂದಿತು. ನಮ್ಮ ರಾಜ್ಯದಲ್ಲಿ, ಮಿದುಳು ಸತ್ತವರ ಅಂಗಗಳನ್ನು ಬಂಧುಗಳ ಒಪ್ಪಿಗೆಯಿಂದ ಪಡೆದು ಸರದಿಯಂತೆ ಹಂಚುವ ವ್ಯವಸ್ಥೆಯನ್ನು ‘ಜೀವಸಾರ್ಥಕತೆ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಬದುಕಿರುವವರು ಕೊಡುವ ಮೂತ್ರಪಿಂಡಗಳಲ್ಲಿ ಹೆಚ್ಚಿನವು ತಾಯಂದಿರವು, ಹೆಂಡತಿಯರವು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಈ ಲೆಕ್ಕವನ್ನು ಬಿಡಿಸುವುದು ಭೌತಶಾಸ್ತ್ರದ ಕೈಲಾಗದು. ಕಸಿಗಾಗಿ ಕಾಯುವ ವರ್ಷಗಳನ್ನು ಡಯಾಲಿಸಿಸ್ಸಿನಿಂದಲೇ ದಾಟಬೇಕಾದುದರಿಂದ ಮೊದಲಿನ ಆಯ್ಕೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತೀರ ವಯಸ್ಸಾದ, ಬೇರೆ ಕಾಯಿಲೆಗಳಿಂದಲೂ ಬಳಲಿದವರಿಗೆ ಡಯಾಲಿಸಿಸ್ ಬೇಡವೆಂದು, ನೋವನ್ನೂ ಉಸಿರಿನ ಕಷ್ಟವನ್ನೂ ಶಮನಗೊಳಿಸುವ ಚಿಕಿತ್ಸೆಯೊಡನೆ ಮನೆಯಲ್ಲಿ ಉಳಿಯುವುದೂ ಒಂದು ಮಾರ್ಗವೇ. ಅದನ್ನು ಕೈಬಿಡುವುದೆಂದು ಭಾವಿಸಬಾರದು.

ಆಯ್ಕೆಗೆ ಕಾಲಾವಕಾಶ ಬೇಕು. ಫಿಸ್ಟುಲಾ ಬಲಿಯಲು ವಾರಗಳು ಹಿಡಿಯುತ್ತವೆ. ಹೊಟ್ಟೆಯ ಕೊಳವೆ ಕೂರಲೂ ದಿನಗಳು ಬೇಕು. ಏದುಸಿರು ಬಿಡುತ್ತ ನಡುರಾತ್ರಿಯಲ್ಲಿ ಬಂದವನ ಕತ್ತಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸದೆ ವೈದ್ಯರಿಗೆ ಗತ್ಯಂತರವಿಲ್ಲ. ಅಲ್ಲಿಗೆ ಆಯ್ಕೆಯೂ ಮುಗಿಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವವರು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ನನ್ನೂ ಮೂತ್ರದ ಆಲ್ಬುಮಿನ್ನನ್ನೂ ಪರೀಕ್ಷಿಸಿಕೊಂಡರೆ ಕೆಡುಕು ಬಹಳ ಮುಂಚಿತವಾಗಿ ತಿಳಿಯುತ್ತದೆ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರ ಕಾಗದಪತ್ರಗಳನ್ನು ಓದಿ ಹೇಳಬಲ್ಲವರು ಈ ಬರಹದ ವಾಚಕರಾದ ವಿದ್ಯಾರ್ಥಿಗಳೇ.

ಬೂಕನಕೆರೆಯಂಥ ಊರಿಗೆ ಏನಾಗಬೇಕೆಂಬುದನ್ನು ಹೇಳಿ ಮುಗಿಸುತ್ತೇವೆ. ಮಂಡ್ಯದ ವೈದ್ಯಕೀಯ ಕಾಲೇಜು, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ ಇವು ಮೂರು ದಿಕ್ಕುಗಳಲ್ಲಿವೆ. ಕೊಳವೆಯನ್ನು ಕೂರಿಸುವ ಕೆಲಸ ಇಂಥ ದೊಡ್ಡ ಆಸ್ಪತ್ರೆಗಳಿಗೆ ಸೇರಿದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ, ಯಂತ್ರಗಳ ಪಕ್ಕದಲ್ಲಿಯೇ, ಚೀಲ ಬದಲಿಸುವುದನ್ನು ಕಲಿಸಬಲ್ಲ ದಾದಿಯೊಬ್ಬರಿಗೆ ಒಂದು ಕೋಣೆಯಾಗಬೇಕು. ತಿಂಗಳಿಗೊಮ್ಮೆ ಪೆಟ್ಟಿಗೆಗಳನ್ನು ಹೊತ್ತ ವಾಹನ ಹಳ್ಳಿಗೆ ಬರಬೇಕು. ಚೀಲಗಳ ಹಣವನ್ನು, ಯಂತ್ರದ ಸರದಿಯ ಹಣವನ್ನು ಭರಿಸುವಂತೆಯೇ, ಸರಕಾರ ಭರಿಸಬೇಕು. ಹೊಸ ರೋಗಿಯೊಬ್ಬನು ಬಂದಾಗ ವೈದ್ಯರು ಕ್ರಿಯಾಟಿನಿನ್ ಎಷ್ಟೆಂದು ಬರೆಯುವ ಚೀಟಿಯಲ್ಲಿಯೇ ಮನೆ ಎಷ್ಟು ದೂರ, ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ, ಜೊತೆಗೆ ಬರುವವರು ಯಾರು, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಮನೆಯಲ್ಲಿದೆಯೆ ಎಂಬ ನಾಲ್ಕು ಪ್ರಶ್ನೆಗಳನ್ನೂ ಬರೆದುಕೊಳ್ಳಬೇಕು.